ಗಣಕಯಂತ್ರದ ಕಿರ್ದಿಗೂ ಕಾವಲು ಬೇಕು

ಲೆಕ್ಕದ ಶುದ್ಧತೆಯು ಕಾಯಕದ ಒಂದು ಮುಖ್ಯ ಅಂಗವೆಂಬುದನ್ನು ನಮ್ಮ ಹಿರಿಯರು ಬಹು ಹಿಂದೆಯೇ ಕಂಡುಕೊಂಡಿದ್ದರು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹಣವು ಜಂಗಮರ ಪಾಲಾಯಿತೆಂಬ ಆಪಾದನೆ ಬಂದಾಗ, ಎಣಿಸಿ ನೋಡಲಾಗಿ ಏನೂ ಕಡಿಮೆಯಾಗಿರಲಿಲ್ಲವೆಂಬ ಪ್ರಸಂಗವು ಪುರಾಣಗಳಲ್ಲಿ ಬರುತ್ತದೆ. ಅಂತಹ ಪರಂಪರೆಗೆ ಸೇರಿದ ನಮ್ಮಲ್ಲಿ ಕಿರಾಣಿ, ಬಟ್ಟೆ, ದಲಾಲಿ, ನೇಯ್ಗೆ, ಮುದ್ರಣ, ಗಿರಣಿ ಮೊದಲಾದ ಕಾಯಕಗಳನ್ನು ಅವಲಂಬಿಸಿರುವ ಕುಟುಂಬಗಳು ಅನೇಕ. ಒಂದು ತಲೆಮಾರಿನ ಹಿಂದೆ ಈ ಮನೆತನಗಳ ಜೀವಾಳವು ಕೆಂಪು ರಟ್ಟಿನ ಕಿರ್ದಿ ಖತಾವಣಿಗಳಲ್ಲಿತ್ತು. ದೀಪಾವಳಿಯಲ್ಲಿ ಅವಕ್ಕೆ ಪೂಜೆ ಸಲ್ಲುತ್ತಿತ್ತು, ರಾತ್ರಿ ತಿಜೋರಿಯ ರಕ್ಷಣೆ ಇರುತ್ತಿತ್ತು. ಇಂದು ಆ ಲೆಕ್ಕವೆಲ್ಲ ಗಣಕಯಂತ್ರದೊಳಗೆ ಸೇರಿದೆ. ಪೂಜೆ ಈಗಲೂ ನಡೆಯುತ್ತಿದೆ. ಆದರೆ ತಿಜೋರಿ ಎಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ.

ಕಣ್ಣಾರೆ ಕಂಡ ಸಂಗತಿ

ನಮ್ಮ ಬಂಧುಗಳೊಬ್ಬರು ತಾಲ್ಲೂಕು ಕೇಂದ್ರವೊಂದರಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುತ್ತಾರೆ. ಸುತ್ತಲಿನ ಹಳ್ಳಿಗಳ ರೈತರಿಗೆ ಮುಂಗಾರಿನಲ್ಲಿ ಉದ್ರಿ ಕೊಟ್ಟು, ಸುಗ್ಗಿಯ ನಂತರ ವಸೂಲು ಮಾಡುವುದು ಅಲ್ಲಿಯ ವಾಡಿಕೆ. ಶ್ರಾವಣದ ಒಂದು ಬೆಳಿಗ್ಗೆ ಯಂತ್ರವನ್ನು ತೆರೆದಾಗ ಕಡತಗಳ ಹೆಸರುಗಳೆಲ್ಲ ಬದಲಾಗಿದ್ದವು. ಒಂದೂ ತೆರೆಯಲಿಲ್ಲ. ಹಣ ಕೊಟ್ಟರೆ ಬೀಗ ತೆಗೆಯುವುದಾಗಿ ಪರದೆಯ ಮೇಲೆ ಇಂಗ್ಲಿಷಿನ ಬರಹವೊಂದು ಮೂಡಿತ್ತು. ಹಿಂದಿನ ದಿನ ಗುಮಾಸ್ತರು ಮಿಂಚಂಚೆಯಲ್ಲಿ ಬಂದ ಬಿಲ್ಲೊಂದನ್ನು ಕಂಪನಿಯದೆಂದು ನಂಬಿ ತೆರೆದಿದ್ದರು.

ಅವರು ಬ್ಯಾಕಪ್ ಇಟ್ಟಿರಲಿಲ್ಲವೆಂದಲ್ಲ. ಅದಕ್ಕಾಗಿ ಬೇರೆ ಹಾರ್ಡ್ ಡಿಸ್ಕನ್ನೇ ಕೊಂಡಿದ್ದರು. ಆದರೆ ಅದು ಹಗಲಿರುಳು ಯಂತ್ರಕ್ಕೆ ಜೋಡಿಸಿಕೊಂಡೇ ಇತ್ತು. ಯಂತ್ರಕ್ಕೆ ಬಿದ್ದ ಬೀಗವು ಅದಕ್ಕೂ ಬಿದ್ದಿತು. ಪರದೆಯ ಅಕ್ಷರ ಮಾವನವರಿಗೆ ಕಾಣುವುದಿಲ್ಲವೆಂದು ಆ ಮನೆಯ ಸೊಸೆ ಉದ್ರಿಯ ಪಟ್ಟಿಯನ್ನು ಆಗಾಗ ಕಾಗದಕ್ಕೆ ಇಳಿಸಿಕೊಡುತ್ತಿದ್ದರು. ಉಳಿದದ್ದು ಅದೊಂದೇ. ಅದರ ಕೊನೆಯ ಪ್ರತಿ ಯುಗಾದಿಯದು. ಬಿತ್ತನೆಯ ಕಾಲದ ಉದ್ರಿಯೆಲ್ಲ ಅದರ ನಂತರದ್ದು.

ಅವರು ಹಣ ಕೊಡಲಿಲ್ಲ. ಅನೇಕ ರೈತರು ತಾವಾಗಿಯೇ ಬಂದು ತಮ್ಮ ಬಾಕಿಯನ್ನು ಹೇಳಿ ಬರೆಸಿದರು. ಕೆಲವರು ಬರಲಿಲ್ಲ. ನಲವತ್ತು ವರ್ಷಗಳಿಂದ ನಡೆದುಕೊಳ್ಳುತ್ತಿದ್ದ ಒಬ್ಬ ರೈತರೊಡನೆ ಚೀಲದ ಲೆಕ್ಕಕ್ಕೆ ಮಾತಿಗೆ ಮಾತು ಬೆಳೆಯಿತು. ಅಂದಿನಿಂದ ಅವರು ಆ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಆ ವಾರ ನಾವು ಹೋಗಿದ್ದಾಗ ಹಿರಿಯರು, “ಪುಸ್ತಕ ಇದ್ದಿದ್ರ ತೆಗದು ತೋರಸ್ತಿದ್ದೆ. ಈಗ ಏನ್ ತೋರಸ್ಲಿ ತಮ್ಮಾ?” ಎಂದರು. ಈ ಲೇಖನವನ್ನು ಬರೆಯಲು ಆ ಮಾತೇ ಕಾರಣ.

ಇದು ಹೊಸ ಪಿಡುಗಲ್ಲ

ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ಈ ಬಗೆಯ ವೈರಸ್ಸಿಗೆ ರ‍್ಯಾನ್ಸಮ್‌ವೇರ್ ಎಂದು ಹೆಸರು. 1989ರಲ್ಲಿಯೇ ಅಂಚೆಯ ಮೂಲಕ ಫ್ಲಾಪಿಗಳನ್ನು ಹಂಚಿ, 189 ಡಾಲರುಗಳನ್ನು ಪನಾಮಾ ದೇಶದ ಅಂಚೆಪೆಟ್ಟಿಗೆಗೆ ಕಳುಹಿಸುವಂತೆ ಬೆದರಿಸಿದ ಉದಾಹರಣೆಯಿದೆ. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಎಂಬ ವೈರಸ್ಸು ಸುಮಾರು 150 ದೇಶಗಳನ್ನು ಮುಟ್ಟಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳ ಮೊದಲೇ, ಅಂದರೆ ಮಾರ್ಚಿಯಲ್ಲಿಯೇ ನೀಡಿತ್ತೆಂಬುದು ಗಮನಾರ್ಹ. ಅದನ್ನು ಅಳವಡಿಸಿಕೊಂಡಿದ್ದವರು ಆ ದಾಳಿಯಿಂದ ಪಾರಾದರು.

ಆದುದರಿಂದ ಯಂತ್ರವು ‘ಅಪ್‌ಡೇಟ್’ ಕೇಳಿದಾಗ ‘ಆಮೇಲೆ’ ಎಂದು ಮುಂದೂಡುವ ಅಭ್ಯಾಸವನ್ನು ಬಿಡಬೇಕು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಸಾಮಾನ್ಯ ಬೆಂಬಲವು ಮುಗಿದಿದೆ. ಇಂತಹ ಹಳೆಯ ವ್ಯವಸ್ಥೆಯಲ್ಲಿಯೇ ಲೆಕ್ಕ ಬರೆಯುತ್ತಿರುವವರು ಬದಲಾವಣೆಯ ಯೋಚನೆ ಮಾಡುವುದೊಳಿತು. ಕಳ್ಳಪ್ರತಿಯ ತಂತ್ರಾಂಶವಂತೂ ಬೇಡ. ಪುಕ್ಕಟೆ ಬಂದ ಬೀಗದ ಇನ್ನೊಂದು ಕೀಲಿಕೈ ಯಾರ ಬಳಿ ಇದೆಯೆಂದು ಬಲ್ಲವರಾರು?

ಮೂರು ಪ್ರತಿಗಳ ನಿಯಮ

ಬಲ್ಲವರು ಹೇಳುವ ನಿಯಮ ಸರಳವಾದುದು: ಲೆಕ್ಕದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿಯು ಬೇರೆ ಸ್ಥಳದಲ್ಲಿರಬೇಕು. ಚಿಕ್ಕ ಅಂಗಡಿಗೆ ಇದನ್ನು ಹೀಗೆ ಹೊಂದಿಸಿಕೊಳ್ಳಬಹುದು. ಮೊದಲನೆಯದು ಯಂತ್ರದೊಳಗಿನ ಲೆಕ್ಕ. ಎರಡನೆಯದು ಅಂತರ್ಜಾಲದ ಭಂಡಾರವಾದ ಕ್ಲೌಡ್‌ನಲ್ಲಿ ಇಡುವ ಪ್ರತಿ. ಮೂರನೆಯದು ಪ್ರತಿ ಸಂಜೆ ಹಾರ್ಡ್ ಡಿಸ್ಕಿಗೆ ಇಳಿಸಿ, ಕೂಡಲೇ ಕಳಚಿ, ಮನೆಗೆ ಒಯ್ಯುವ ಪ್ರತಿ. ಕಳಚುವುದನ್ನು ಮರೆಯಬಾರದು. ನಮ್ಮ ಬಂಧುಗಳು ತಪ್ಪಿದ್ದು ಅಲ್ಲಿಯೇ. ಎರಡು ಡಿಸ್ಕುಗಳಿದ್ದು ದಿನ ಬಿಟ್ಟು ದಿನ ಬಳಸಿದರೆ ಇನ್ನೂ ಉತ್ತಮ.

ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಉದ್ರಿ ಮತ್ತು ಬಾಕಿಗಳ ಪಟ್ಟಿಯನ್ನು ತಿಂಗಳ ಕೊನೆಗೆ ಕಾಗದದ ಮೇಲೆ ಮುದ್ರಿಸಿ ಇಡುವುದೂ ಹಳೆಯ ಕಾಲದ ಮಾತಲ್ಲ. ಜಿ.ಎಸ್.ಟಿ. ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಇಟ್ಟಿರಬೇಕೆಂಬುದು ನೆನಪಿರಲಿ.

ಕೀಲಿಕೈ ಯಾರಲ್ಲಿ?

ಅಂಗಡಿಯ ಹೆಸರು, ಮಗುವಿನ ಹೆಸರು, ಮೊಬೈಲ್ ಸಂಖ್ಯೆ ಇವು ಪಾಸ್‌ವರ್ಡ್‌ಗಳಲ್ಲ. ಬಾಗಿಲಿಗೆ ಅಂಟಿಸಿದ ಚೀಟಿಗಳು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದರೆ ನಮಗೆ ನೆನಪಿರುವ, ಪರರಿಗೆ ಹೊಳೆಯದ ಉದ್ದನೆಯ ಪಾಸ್‌ವರ್ಡ್ ದೊರೆಯುತ್ತದೆ. ಮಿಂಚಂಚೆಗೂ ಬ್ಯಾಂಕಿಗೂ ಬೇರೆ ಬೇರೆ ಇರಲಿ. ಬೇರೆ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದನ್ನು ಪಡೆಯುವ ದಾರಿ ಮಿಂಚಂಚೆಯೇ ಆದುದರಿಂದ ಅದು ತಾಯಿಬೀಗವಿದ್ದಂತೆ. ಅದಕ್ಕೆ ಎರಡನೆಯ ಹಂತದ ಪರೀಕ್ಷೆಯನ್ನೂ ಅಳವಡಿಸಬೇಕು. ಎಲ್ಲವೂ ನೆನಪಿರದಿದ್ದರೆ ಪುಸ್ತಕದಲ್ಲಿ ಬರೆದು ತಿಜೋರಿಯಲ್ಲಿಡಿ. ಯಂತ್ರದ ಪಕ್ಕದ ಗೋಡೆಗೆ ಅಂಟಿಸಬೇಡಿ.

ಕೆಲಸಗಾರರಿಗೆಲ್ಲ ಒಂದೇ ಪ್ರವೇಶ ಬೇಡ. ಒಬ್ಬೊಬ್ಬರಿಗೂ ಅವರದೇ ಹೆಸರಿನ ಪ್ರವೇಶವಿದ್ದರೆ ಯಾವ ಬಿಲ್ಲನ್ನು ಯಾರು ತಿದ್ದಿದರೆಂಬುದು ತಿಳಿಯುತ್ತದೆ, ನಿರಪರಾಧಿಯ ಮೇಲೆ ಸಂಶಯವೂ ಬೀಳುವುದಿಲ್ಲ. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ಮುಚ್ಚಬೇಕು.

ಹಣದ ವ್ಯವಹಾರದಲ್ಲಿ

2016ರಲ್ಲಿ ಬಂದ ಯುಪಿಐ ಇಂದು ಸಂತೆಯ ತರಕಾರಿಯವರನ್ನೂ ತಲುಪಿದೆ. ಒಂದು ಮಾತು ಮನೆಮಂದಿಗೆಲ್ಲ ತಿಳಿದಿರಲಿ: ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಗಿರಾಕಿಯು ತೋರಿಸುವ ಪಾವತಿಯ ಚಿತ್ರವನ್ನು ನಂಬದೆ ನಮ್ಮ ಖಾತೆಗೆ ಜಮೆಯಾಯಿತೇ ಎಂದು ನೋಡಬೇಕು. ಮಾಲು ಕಳುಹಿಸುವವರ ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಸಂದೇಶ ಬಂದರೆ, ನಮ್ಮಲ್ಲಿ ಮೊದಲಿನಿಂದ ಇರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬಾರದು.

ಈಚೆಗೆ ಮದುವೆಯ ಕರೆಯೋಲೆಯ ವೇಷದಲ್ಲಿಯೂ ಮೋಸದ ತಂತ್ರಾಂಶಗಳು ಮೊಬೈಲಿಗೆ ಬರುತ್ತಿವೆ. ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಅಕ್ಷರಗಳಿದ್ದರೆ ಒತ್ತದಿರಿ. ಪೋಲೀಸರ ಹೆಸರಿನಲ್ಲಿ ವಿಡಿಯೋ ಕರೆಮಾಡಿ ‘ಡಿಜಿಟಲ್ ಬಂಧನ’ ಎಂದು ಹೆದರಿಸುವವರೂ ಇದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. ಮೋಸವಾದುದು ಗೊತ್ತಾದ ಕೂಡಲೇ 1930ಕ್ಕೆ ಕರೆಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಹರಿದುಹೋಗುವ ಮೊದಲೇ ತಡೆಯಲು ಅವಕಾಶವಿರುತ್ತದೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಆ ಅವಕಾಶವೂ ಕೈತಪ್ಪುತ್ತದೆ.

ಯಂತ್ರಕ್ಕೆ ಬೀಗ ಬಿದ್ದರೆ ಅಂತರ್ಜಾಲದ ಸಂಪರ್ಕವನ್ನು ಮೊದಲು ಕಿತ್ತುಬಿಡಿ. ಡಿಸ್ಕನ್ನು ಅಳಿಸಬೇಡಿ, ಅದು ಸಾಕ್ಷ್ಯ. ಕೆಲವು ಬಗೆಯ ಬೀಗಗಳಿಗೆ ಯೂರೋಪಿನ ಪೋಲೀಸರು ಮತ್ತು ತಜ್ಞರು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆಯಲ್ಲಿ ಉಚಿತವಾಗಿ ಕೀಲಿ ದೊರೆಯುತ್ತದೆ.

ಸಮಯವೂ ಬಂಡವಾಳವೇ

ಇಷ್ಟೆಲ್ಲ ಮಾಡಲು ವೇಳೆ ಎಲ್ಲಿದೆ ಎನ್ನುವವರಿಗೆ ನಮ್ಮ ಉತ್ತರ: ಯಂತ್ರವನ್ನು ಕ್ರಮವಾಗಿ ಬಳಸಿದರೆ ವೇಳೆ ಉಳಿಯುತ್ತದೆ. ಅಂದಿನ ಬಿಲ್ಲನ್ನು ಅಂದೇ ಏರಿಸಿ. ವರ್ಷಕ್ಕೊಂದು, ಅದರೊಳಗೆ ತಿಂಗಳಿಗೊಂದು ಕೋಶ ಮಾಡಿ. ಕಡತದ ಹೆಸರನ್ನು ವರ್ಷ, ತಿಂಗಳು, ದಿನದಿಂದ ಆರಂಭಿಸಿದರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ವಾರಕ್ಕೊಮ್ಮೆ ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಿದರೆ ವರ್ಷದ ಕೊನೆಯಲ್ಲಿ ರಾತ್ರಿ ನಿದ್ದೆಗೆಡಬೇಕಿಲ್ಲ. ವ್ಯಾಪಾರದ ವೇಳೆಯಲ್ಲಿ ಮೊಬೈಲಿನ ಸಂದೇಶಗಳಿಗೆ ಎರಡು ಹೊತ್ತು ಗೊತ್ತುಮಾಡಿಕೊಳ್ಳಿ. ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಯುಪಿಎಸ್ ಇರಲೇಬೇಕು. ಬರೆಯುತ್ತಿರುವಾಗ ಯಂತ್ರ ನಿಂತರೆ ಲೆಕ್ಕದ ಕಡತ ಕೆಡುವುದುಂಟು.

ಅರಿವಿನ ದಾಸೋಹ

ನಮ್ಮ ಮನೆಗಳಲ್ಲಿ ಇಂದು ಗಣಕವಿಜ್ಞಾನ ಓದಿದ ಯುವಕ ಯುವತಿಯರಿಗೆ ಕೊರತೆಯಿಲ್ಲ. ರಜೆಗೆ ಊರಿಗೆ ಬಂದಾಗ ಒಂದು ದಿನವನ್ನು ಮೀಸಲಿಟ್ಟು, ತಮ್ಮ ಓಣಿಯ ಅಂಗಡಿಗಳ ಹಿರಿಯರಿಗೆ ಬ್ಯಾಕಪ್ ತೆಗೆಯುವುದನ್ನು ಕಲಿಸಿದರೆ ಅದೂ ದಾಸೋಹವೇ ಸರಿ. ಕಲಿಯಬೇಕಾದವರು ಮನೆಯ ಗಂಡಸರಷ್ಟೇ ಅಲ್ಲ. ನಮ್ಮ ಬಂಧುಗಳ ಮನೆಯಲ್ಲಿ ಉಳಿದ ಲೆಕ್ಕವನ್ನು ಉಳಿಸಿದವರು ಸೊಸೆಯೇ ಅಲ್ಲವೆ?

ಈಗ ಅಲ್ಲಿ ಸಂಜೆ ಅಂಗಡಿ ಮುಚ್ಚುವ ಮೊದಲು ಅವರೇ ಡಿಸ್ಕಿಗೆ ಲೆಕ್ಕವನ್ನು ಇಳಿಸಿ, ಕಳಚಿ, ಮಾವನವರ ಕೈಗೆ ಕೊಡುತ್ತಾರೆ. ಹಿರಿಯರು ಅದನ್ನು ಹಳೆಯ ಕಿರ್ದಿಗಳಿದ್ದ ತಿಜೋರಿಯಲ್ಲಿಯೇ ಇಟ್ಟು ಕೀಲಿ ಹಾಕುತ್ತಾರೆ. ಓದುಗ ಬಂಧುಗಳು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ತಮ್ಮ ಅಂಗಡಿಯ ಕೊನೆಯ ಪ್ರತಿ ಯಾವ ದಿನದ್ದೆಂಬುದನ್ನು ಒಮ್ಮೆ ನೋಡಿಕೊಳ್ಳಲೆಂದು ನಮ್ಮ ವಿನಂತಿ.