ಹೊಲ ಹಸನು ಮಾಡುವ ಉದ್ಯೋಗ: ಯಂತ್ರಕ್ಕಿಂತ ಮೊದಲು ಲೆಕ್ಕ

ಜತ್ತ, ಅಕ್ಕಲಕೋಟೆ, ಮಂಗಳವೇಢೆ, ದಕ್ಷಿಣ ಸೊಲ್ಲಾಪುರ ಭಾಗದ ನಮ್ಮ ಸಮಾಜದ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ. ಕಿರಾಣಿ, ಬಟ್ಟೆ, ಅಡತಿ ವ್ಯಾಪಾರಗಳಲ್ಲಿ ಮೊದಲಿನ ಲಾಭ ಉಳಿದಿಲ್ಲ. ಗಾದಿಯ ಮೇಲೆ ತಂದೆ ಒಬ್ಬರೇ ಕುಳಿತರೆ ಸಾಕು. ಓದು ಮುಗಿಸಿ ಬಂದ ಇಬ್ಬರು ಮಕ್ಕಳಿಗೂ ಅಂಗಡಿಯಲ್ಲಿ ಕೆಲಸವಿಲ್ಲ. ಹೀಗಾಗಿ ಕೆಲವು ತರುಣರ ಕಣ್ಣು ಬಾಡಿಗೆಗೆ ಕೊಡುವ ಹೊಲದ ಯಂತ್ರಗಳ ಮೇಲೆ ಬಿದ್ದಿದೆ. ಅದರಲ್ಲೂ ಕಂಟಿ ತೆಗೆದು ಹೊಲ ಹಸನು ಮಾಡುವ, ಕಬ್ಬಿನ ರವದಿಯನ್ನು ಪುಡಿ ಮಾಡಿ ಭೂಮಿಗೆ ಹೊದಿಸುವ ಮಲ್ಚರ್ ಯಂತ್ರದ ಬಗ್ಗೆ ಕುತೂಹಲ ಹೆಚ್ಚು.

ಉದ್ಯೋಗ ಒಳ್ಳೆಯದೇ. ಆದರೆ ಹತ್ತು ಲಕ್ಷದ ಯಂತ್ರ ತಂದು ಅಂಗಳದಲ್ಲಿ ನಿಲ್ಲಿಸಿದ ಮೇಲೆ ಲೆಕ್ಕ ಹಾಕಲು ಕುಳಿತರೆ ಕಷ್ಟ. ತಲೆಮಾರುಗಳಿಂದ ಗಳಿಸಿದ ಮನೆತನದ ಪತ್ತು ಒಂದೇ ಹಂಗಾಮಿನಲ್ಲಿ ಹೋದೀತು. ಆದ್ದರಿಂದ ಈ ಉದ್ಯೋಗದ ಒಳಹೊರಗನ್ನು ಸ್ವಲ್ಪ ವಿವರವಾಗಿ ನೋಡೋಣ.

ಕೆಲಸ ಎಲ್ಲಿದೆ?

ಮೊದಲನೆಯದು ಕಬ್ಬಿನ ಗದ್ದೆ. ಭೀಮಾ ನದಿಯ ಉಜನಿ ಜಲಾಶಯದ ನೀರು ಬಂದ ಮೇಲೆ ಸೊಲ್ಲಾಪುರ ಜಿಲ್ಲೆ ಕಬ್ಬಿನ ಸೀಮೆಯಾಯಿತು. ಕಟಾವಾದ ಬಳಿಕ ಒಂದು ಹೆಕ್ಟೇರಿನಲ್ಲಿ 8ರಿಂದ 10 ಟನ್ ಒಣ ರವದಿ ಉಳಿಯುತ್ತದೆ. ಇದನ್ನೇ ಮರಾಠಿಯಲ್ಲಿ ಪಾಚಟ ಎನ್ನುತ್ತಾರೆ. ಅನೇಕ ರೈತರು ಇದಕ್ಕೆ ಬೆಂಕಿ ಇಡುತ್ತಾರೆ. ಬೆಂಕಿಯಲ್ಲಿ ಸಾರಜನಕವೂ ಸಾವಯವ ಅಂಶವೂ ಹಾಳಾಗುತ್ತವೆ. ಅದೇ ರವದಿಯನ್ನು ಯಂತ್ರದಿಂದ ಪುಡಿ ಮಾಡಿ ಕುಳೆ ಕಬ್ಬಿನ ಸಾಲುಗಳ ನಡುವೆ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಬೇಗ ಕೊಳೆಯಲೆಂದು ಪ್ರತಿ ಟನ್ ರವದಿಗೆ ಸುಮಾರು 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಪುಡಿ ಹಾಕುವುದು ಮಹಾರಾಷ್ಟ್ರದ ಕಬ್ಬು ಬೆಳೆಗಾರರಲ್ಲಿ ರೂಢಿಯಲ್ಲಿದೆ.

ಎರಡನೆಯದು ದ್ರಾಕ್ಷಿ ಪಡ. ಏಪ್ರಿಲ್ ಮತ್ತು ಅಕ್ಟೋಬರ್ ಚಾಟಣಿಯಲ್ಲಿ ರಾಶಿಗಟ್ಟಲೆ ಕಡ್ಡಿ ಬೀಳುತ್ತದೆ. ಸಾಲುಗಳು ಇಕ್ಕಟ್ಟಾಗಿರುವುದರಿಂದ ಅಲ್ಲಿ ಸಣ್ಣ ಟ್ರ್ಯಾಕ್ಟರ್ ಮತ್ತು ಕಿರಿದಾದ ಮಲ್ಚರ್ ಬೇಕು.

ಮೂರನೆಯದು ಬೀಳುಬಿದ್ದ ಹೊಲ. ಕೃಷ್ಣಾ ನದಿಯಿಂದ ನೀರೆತ್ತುವ ಮ್ಹೈಸಾಳ ಯೋಜನೆಯ ನೀರು ಜತ್ತ ತಾಲೂಕಿನ ಊರುಗಳಿಗೆ ತಲುಪಿದಂತೆ, ಬಹಳ ವರ್ಷ ಕಂಟಿ ಬೆಳೆದು ಬಿದ್ದಿದ್ದ ಭೂಮಿಯನ್ನು ಸಾಗುವಳಿಗೆ ತರುವ ಮನಸ್ಸು ರೈತರಿಗೆ ಬರುವುದು ಸಹಜ. ಇಲ್ಲಿಯ ಮುಖ್ಯ ಶತ್ರು ಬಳ್ಳಾರಿ ಜಾಲಿ. ಮರಾಠಿಯಲ್ಲಿ ವೇಡಿ ಬಾಭುಳ. 19ನೇ ಶತಮಾನದಲ್ಲಿ ಹೊರದೇಶದಿಂದ ಬಂದ ಈ ಗಿಡವನ್ನು ಮೇಲೆ ಮೇಲೆ ಕಡಿದರೆ ಬುಡದಿಂದ ಹತ್ತು ಚಿಗುರು ಒಡೆಯುತ್ತವೆ. ದನಗಳು ತಿಂದ ಕಾಯಿಯ ಬೀಜ ಸಗಣಿಯ ಮೂಲಕ ಮತ್ತೆ ಹೊಲ ಸೇರುತ್ತದೆ. ಆದ್ದರಿಂದ ಬುಡವನ್ನು ನೆಲದೊಳಗಿನಿಂದ ಕಿತ್ತು ತೆಗೆಯಲೇಬೇಕು. ಈ ಕೆಲಸ ಮಲ್ಚರಿನದಲ್ಲ, ಜೆಸಿಬಿಯದು. ಅದನ್ನು ಕೊಳ್ಳುವ ಬದಲು ತಾಸಿನ ಬಾಡಿಗೆಗೆ ತಂದು, ದಪ್ಪ ಬುಡಗಳನ್ನು ಕೀಳಿಸಿ, ಉಳಿದ ತೆಳು ಕಂಟಿಗೆ ಮಾತ್ರ ಮಲ್ಚರ್ ಹಾಕುವುದು ಜಾಣತನ. "ಮಲ್ಚರ್ ಒಂದೇ ಎಲ್ಲ ಮಾಡುತ್ತದೆ" ಎಂದು ಗಿರಾಕಿಗೆ ಮಾತು ಕೊಟ್ಟರೆ, ಮುಂದಿನ ಮಳೆಗಾಲದಲ್ಲಿ ಚಿಗುರಿದ ಜಾಲಿ ನಮ್ಮ ಹೆಸರು ಕೆಡಿಸುತ್ತದೆ.

ಧರ್ಮದ ದೃಷ್ಟಿಯಿಂದ

ಹಿರಿಯರು ಕೇಳುವ ಪ್ರಶ್ನೆ ಇನ್ನೊಂದಿದೆ: ಶ್ರಾವಕನಿಗೆ ಈ ಉದ್ಯೋಗ ತಕ್ಕದ್ದೇ? 13ನೇ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಖರಕರ್ಮಗಳ ಪ್ರಸ್ತಾಪವಿದೆ. ಆ ಪಟ್ಟಿಯಲ್ಲಿ ಕಾಡು ಕಡಿದು ಬದುಕುವ ವೃತ್ತಿಯೂ ಇದೆ, ಬೆಂಕಿ ಹಚ್ಚುವುದೂ ಇದೆ. ಬಾಡಿಗೆಯ ವೃತ್ತಿಯನ್ನೂ ಅದು ಬಿಟ್ಟಿಲ್ಲ. ಆದ್ದರಿಂದ ಇದು ಪೂರ್ಣ ನಿರ್ದೋಷ ಉದ್ಯೋಗವೆಂದು ಹೇಳಿಕೊಳ್ಳುವುದು ಸರಿಯಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಉದ್ಯೋಗೀ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು ಎಂಬುದೇ ನಮ್ಮ ಪರಂಪರೆಯ ಮಾರ್ಗ.

ಹಾಗೆ ನೋಡಿದರೆ ಕೆಲಸ ಆರಿಸಿಕೊಳ್ಳುವುದರಲ್ಲೇ ಅರ್ಧ ಉತ್ತರವಿದೆ. ನಿಂತ ಮರ ಕಡಿದು ಮಾರುವ ಗುತ್ತಿಗೆ ಬೇಡ. ಬೆಂಕಿ ಇಡುವ ಕೆಲಸ ಬೇಡ. ಬೆಂಕಿಯನ್ನು ತಪ್ಪಿಸುವ ರವದಿಯ ಕೆಲಸ ಮುಖ್ಯವಾಗಲಿ. ಕಂಟಿಯ ಹೊಲಕ್ಕೆ ಯಂತ್ರ ಇಳಿಸುವ ಮೊದಲು ಒಬ್ಬರು ನಡೆದು ನೋಡಲಿ. ಗೂಡು, ಮರಿಗಳಿರುವ ಪೊದೆಯನ್ನು ಸದ್ಯಕ್ಕೆ ಬಿಡಲಿ. ಒಂದು ಬದಿಯಿಂದ ಆರಂಭಿಸಿ ಇನ್ನೊಂದು ಬದಿಗೆ ಸಾಗಿದರೆ ಮೊಲ, ಮುಂಗಲಿ, ಗೌಜುಗಗಳಿಗೆ ಓಡಲು ದಾರಿ ಇರುತ್ತದೆ. ಜೀವಜಂತುಗಳು ಹೆಚ್ಚಾಗಿರುವ ಚಾತುರ್ಮಾಸದಲ್ಲಿ ಈ ಕೆಲಸ ನಿಲ್ಲಿಸುವುದು ಒಳ್ಳೆಯದು. ಹೇಗೂ ಮಳೆಗಾಲದಲ್ಲಿ ಹಸಿ ಎರೆ ಭೂಮಿಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ.

ಆದರೆ ಇಲ್ಲಿಯೇ ವ್ಯಾಪಾರದ ಮೂಲ ಪ್ರಶ್ನೆ ಏಳುತ್ತದೆ. ಚಾತುರ್ಮಾಸದಲ್ಲಿ ಯಂತ್ರ ನಿಲ್ಲುತ್ತದೆ. ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಗಂಟೆಯ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಓದುಗರು ತಮ್ಮ ಊರಿನ ದರ ಹಾಕಿ ನೋಡಬೇಕು. 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಮತ್ತು ಮಲ್ಚರ್ ಸೇರಿ 10 ಲಕ್ಷ ರೂಪಾಯಿ ಎನ್ನೋಣ. ಕೈಯಿಂದ 2 ಲಕ್ಷ, ಸಾಲ 8 ಲಕ್ಷ. ಇಳಿಯುವ ಬಾಕಿಯ ಮೇಲೆ ಶೇಕಡಾ 11 ಬಡ್ಡಿ, 5 ವರ್ಷದ ಮುದ್ದತು. ತಿಂಗಳ ಕಂತು ಸುಮಾರು 17,394 ರೂಪಾಯಿ ಬರುತ್ತದೆ. ವರ್ಷಕ್ಕೆ 2,08,728.

ಚಾಲಕನ ಸಂಬಳ ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000. ವಿಮೆ, ನೆರಳು, ಇತರೆ ಸೇರಿ ಸುಮಾರು 31,000. ಒಟ್ಟು ಹತ್ತಿರಹತ್ತಿರ 4,20,000 ರೂಪಾಯಿ. ಯಂತ್ರ ಓಡಲಿ, ನಿಲ್ಲಲಿ, ಇದು ಖರ್ಚಾಗಿಯೇ ತೀರುತ್ತದೆ.

ಇನ್ನು ಓಡಿದ ಗಂಟೆಯ ಲೆಕ್ಕ. ಗಂಟೆಗೆ ಬಾಡಿಗೆ 1,300 ಎಂದುಕೊಳ್ಳಿ. ಡೀಸೆಲ್‌ಗೆ 550, ಬ್ಲೇಡು, ಎಣ್ಣೆ, ರಿಪೇರಿಗೆ 150 ತೆಗೆದರೆ ಉಳಿಯುವುದು 600. 4,20,000ವನ್ನು 600ರಿಂದ ಭಾಗಿಸಿದರೆ 700 ಗಂಟೆ. ಅಂದರೆ ಮನೆಗೆ ಒಂದು ರೂಪಾಯಿ ಬರುವ ಮೊದಲು ಯಂತ್ರ 700 ಗಂಟೆ ದುಡಿಯಬೇಕು. ಓಡಾಟ, ರಿಪೇರಿ ಕಳೆದು ದಿನಕ್ಕೆ 5 ಗಂಟೆ ನಿಜವಾದ ಕೆಲಸವಾದರೆ 140 ದಿನ ಬೇಕು. ಮಳೆಯ ನಾಲ್ಕು ತಿಂಗಳು ಬಿಟ್ಟು ಉಳಿದ ಎಂಟು ತಿಂಗಳಲ್ಲಿ 140 ದಿನದ ಕೆಲಸ ನಿಮ್ಮ ಊರಿನ ಸುತ್ತ ಸಿಗುತ್ತದೆಯೇ? ಯಂತ್ರದ ಅಂಗಡಿಯವನು ಈ ಪ್ರಶ್ನೆಗೆ ಉತ್ತರ ಕೊಡಲಾರ. ಊರೂರು ತಿರುಗಿ, ರೈತರ ಹೆಸರು ಮತ್ತು ಎಕರೆ ಬರೆದುಕೊಂಡು ಬಂದವನಿಗಷ್ಟೇ ಅದು ಗೊತ್ತಾಗುತ್ತದೆ.

ಜೂನ್ ಒಂದನೇ ತಾರೀಖಿಗೆ ನಾಲ್ಕು ತಿಂಗಳ ಕಂತು ಮತ್ತು ಚಾಲಕನ ಸಂಬಳ, ಸುಮಾರು 1,30,000 ರೂಪಾಯಿ, ಬೇರೆ ಖಾತೆಯಲ್ಲಿ ಇರಲೇಬೇಕು. ಮಾರ್ಚ್ ತಿಂಗಳ ಭರಾಟೆ ನೋಡಿ ಲಾಭವೆಂದು ಖರ್ಚು ಮಾಡಿದವನು ಆಗಸ್ಟಿನಲ್ಲಿ ಅಂಗಡಿಯ ಗಲ್ಲೆಗೆ ಕೈ ಹಾಕಬೇಕಾಗುತ್ತದೆ.

ಮೊದಲ ಹಂಗಾಮಿಗೆ ಇನ್ನೂ ಹಗುರವಾದ ದಾರಿ ಇದೆ. ಊರಿನಲ್ಲಿ ಈಗಾಗಲೇ ಟ್ರ್ಯಾಕ್ಟರ್ ಇರುವ ರೈತರೊಡನೆ ಒಪ್ಪಂದ ಮಾಡಿಕೊಂಡು ಮಲ್ಚರ್ ಒಂದನ್ನೇ ಕೊಳ್ಳುವುದು. ಗಳಿಕೆ ಕಡಿಮೆ, ಆದರೆ ಅಪಾಯವೂ ಕಡಿಮೆ. ಗಿರಾಕಿ ಯಾರು, ಹಣ ಕೊಡುವವರು ಯಾರು ಎಂಬುದು ಒಂದು ಹಂಗಾಮಿನಲ್ಲಿ ತಿಳಿದುಬಿಡುತ್ತದೆ.

ಸಾಲ ತರುವಾಗ

ಯಂತ್ರದ ಅಂಗಡಿಯಲ್ಲೇ ಕುಳಿತು ಸಾಲ ಕೊಡುವವರು "ಬರೀ ಶೇಕಡಾ 8" ಎನ್ನಬಹುದು. ಅದು ಫ್ಲ್ಯಾಟ್ ದರವೇ ಎಂದು ಕೇಳಿ. ಫ್ಲ್ಯಾಟ್ ದರದಲ್ಲಿ ಅಸಲು ತೀರುತ್ತ ಹೋದರೂ ಬಡ್ಡಿ ಪೂರ್ಣ ಅಸಲಿನ ಮೇಲೆಯೇ ನಡೆಯುತ್ತದೆ. 8 ಲಕ್ಷಕ್ಕೆ 5 ವರ್ಷದಲ್ಲಿ ಬಡ್ಡಿ 3,20,000. ತಿಂಗಳ ಕಂತು 18,667. ಇಳಿಯುವ ಬಾಕಿಯ ಲೆಕ್ಕಕ್ಕೆ ತಂದರೆ ಇದು ಶೇಕಡಾ 14ಕ್ಕೂ ತುಸು ಹೆಚ್ಚು. ಮೇಲಿನ ಶೇಕಡಾ 11ರ ಸಾಲದಲ್ಲಿ ಬಡ್ಡಿ ಸುಮಾರು 2,43,600 ಮಾತ್ರ. ಕಿವಿಗೆ ಅಗ್ಗವಾದದ್ದು ಖತಾವಣಿಯಲ್ಲಿ 76,000 ರೂಪಾಯಿ ದುಬಾರಿ! ನೂರು ರೂಪಾಯಿಗೆ ಎಷ್ಟು ಎಂದು ಕೇಳುವುದಕ್ಕಿಂತ ಒಟ್ಟು ಎಷ್ಟು ಕಟ್ಟಬೇಕು ಎಂದು ಕೇಳುವುದೇ ಸರಿ.

ಕೃಷಿ ಯಂತ್ರದ ಸಾಲಕ್ಕೆ ಬ್ಯಾಂಕುಗಳು ಆರು ತಿಂಗಳಿಗೊಮ್ಮೆ ಕಟ್ಟುವ ಕಂತನ್ನೂ ಇಡುತ್ತವೆ. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಒಂದು, ವರ್ಷದ ಕೊನೆಗೆ ಒಂದು ಬರುವಂತೆ ಕೇಳಿಕೊಳ್ಳಿ.

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಬೇರೆ ಅಡಮಾನ ಬೇಡ; ಬಾಡಿಗೆಯ ಉದ್ಯೋಗಕ್ಕೇ ಬಳಸುವ ಟ್ರ್ಯಾಕ್ಟರಿಗೂ ಇದು ಅನ್ವಯಿಸುತ್ತದೆ. ಜೈನ ಸಮಾಜಕ್ಕೆ 2014ರ ಜನವರಿಯಲ್ಲಿ ಕೇಂದ್ರದಿಂದ ಅಲ್ಪಸಂಖ್ಯಾತ ಮಾನ್ಯತೆ ದೊರೆತಿರುವುದರಿಂದ, ಆದಾಯ ಮಿತಿಯೊಳಗಿನ ಕುಟುಂಬಗಳು ರಾಷ್ಟ್ರೀಯ ಅಲ್ಪಸಂಖ್ಯಾತರ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ಸಾಲವನ್ನು ರಾಜ್ಯದ ಸಂಸ್ಥೆಯ ಮೂಲಕ ಕೇಳಬಹುದು. 7/12 ಉತಾರ ಇರುವ ಮನೆಯವರಿಗೆ ಕೃಷಿ ಯಾಂತ್ರೀಕರಣದ ಸಹಾಯಧನದ ದಾರಿಯೂ ಇದೆ. ಆದರೆ ಮಹಾರಾಷ್ಟ್ರದಲ್ಲಿ ಪೂರ್ವಸಮ್ಮತಿ ಪತ್ರ ಕೈಗೆ ಬಂದ ಮೇಲೆಯೇ ಯಂತ್ರ ಕೊಳ್ಳಬೇಕು; ಅವಸರದಿಂದ ಮೊದಲೇ ಕೊಂಡವರಿಗೆ ಸಹಾಯಧನ ಸಿಗದು. ಸಹಾಯಧನ ಬಂದೇ ಬರುತ್ತದೆಂದು ಕಂತಿನ ಲೆಕ್ಕ ಹಾಕಬೇಡಿ. ಬಂದರೆ ಬೋನಸ್ ಎಂದು ತಿಳಿಯಿರಿ.

ಒಂದು ಮಾತನ್ನು ಮನೆಯವರೆಲ್ಲ ಗಟ್ಟಿ ಮಾಡಿಕೊಳ್ಳಲಿ. ಸಾಲಕ್ಕೆ ಯಂತ್ರವೇ ಒತ್ತೆಯಾಗಲಿ. ಅಂಗಡಿ, ಇರುವ ಮನೆ, ಹೆಣ್ಣುಮಕ್ಕಳ ಬಂಗಾರ ಒತ್ತೆಯಾಗುವುದು ಬೇಡ.

ಕಾಗದಪತ್ರ

ಕೃಷಿ ಉಪಯೋಗಕ್ಕೆಂದು ನೋಂದಣಿಯಾದ ಟ್ರ್ಯಾಕ್ಟರನ್ನು ಮನೆಯ ಪ್ಲಾಟು, ಕಾರ್ಖಾನೆ ಜಾಗ ಹಸನು ಮಾಡುವ ಬಾಡಿಗೆಗೆ ಹಚ್ಚಿದರೆ ಅಪಘಾತದ ಹೊತ್ತಿಗೆ ವಿಮೆಯವರು ತಕರಾರು ತೆಗೆಯಬಹುದು. ಸಾರಿಗೆ ಕಚೇರಿಯಲ್ಲೂ ವಿಮೆಯಲ್ಲೂ ನಿಜವಾದ ಉಪಯೋಗವನ್ನೇ ಬರೆಸಿ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ರೈತನ ಬೆಳೆಗೆ ನೇರವಾಗಿ ಸಂಬಂಧಿಸಿದ ಕೃಷಿ ಕೆಲಸಕ್ಕೆ ಜಿಎಸ್‌ಟಿ ವಿನಾಯಿತಿ ಇದೆ; ಪ್ಲಾಟು ಹಸನು ಮಾಡುವ ಕೆಲಸಕ್ಕೆ ಆ ವಿನಾಯಿತಿ ಇಲ್ಲ. ಎರಡರ ಜಮಾವನ್ನೂ ಮೊದಲ ದಿನದಿಂದಲೇ ಬೇರೆ ಬೇರೆ ಪುಟದಲ್ಲಿ ಬರೆಯಿರಿ.

ಮಹಾರಾಷ್ಟ್ರದ 1964ರ ವೃಕ್ಷ ಕಡಿತ ನಿಯಂತ್ರಣ ಕಾಯಿದೆಯ ಪ್ರಕಾರ ಸಾಗವಾನಿ, ಮಾವು, ಹುಣಿಸೆ, ಶ್ರೀಗಂಧ ಮೊದಲಾದ ಮರಗಳನ್ನು ಸ್ವಂತ ಹೊಲದಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಹೊಲದ ಒಡೆಯ "ನಾನಿದ್ದೇನೆ, ಕಡಿ" ಎಂದರೂ ಯಂತ್ರ ನಮ್ಮದು ಎಂಬುದನ್ನು ಮರೆಯಬಾರದು. ಬದುವಿನ ಮರ ಯಾರದೆಂಬ ಜಗಳವಿದ್ದರೆ ಆ ಕೆಲಸವನ್ನೇ ಬಿಡಿ.

ಉದ್ರಿ ಮತ್ತು ಸುರಕ್ಷತೆ

ಅಂಗಡಿಯ ಉದ್ರಿಗೂ ಯಂತ್ರದ ಉದ್ರಿಗೂ ವ್ಯತ್ಯಾಸವಿದೆ. ಯಂತ್ರದ ಉದ್ರಿಯಲ್ಲಿ ಡೀಸೆಲ್ ಆ ದಿನವೇ ನಗದಾಗಿ ಸುಟ್ಟಿರುತ್ತದೆ. 700 ಗಂಟೆಗೆ ಬರಬೇಕಾದ ಬಾಡಿಗೆ 9,10,000. ಅದರಲ್ಲಿ ನೂರಕ್ಕೆ ಹತ್ತು ವಸೂಲಾಗದಿದ್ದರೆ 91,000 ಹೋಯಿತು. ಅದನ್ನು ತುಂಬಲು ಗಂಟೆಗೆ 600 ಉಳಿಕೆಯಂತೆ 150 ಗಂಟೆಗೂ ಹೆಚ್ಚು, ಅಂದರೆ ಒಂದು ತಿಂಗಳು, ಪುಕ್ಕಟೆ ದುಡಿಯಬೇಕು. ಡೀಸೆಲ್ಲಿನ ಹಣ ಮುಂಗಡ, ಉಳಿದದ್ದು ಕೆಲಸ ಮುಗಿದ ದಿನ ಎಂಬ ನಿಯಮವನ್ನು ಬಂಧುಗಳಿಗೂ ಹಚ್ಚಿ. ಕಬ್ಬಿನ ಬಿಲ್ಲು ಬರುವ ತನಕ ತಡೆಯಲೇಬೇಕಾದರೆ ಎಷ್ಟು ಜನರಿಗೆ ಎಂಬುದಕ್ಕೆ ಮಿತಿ ಇರಲಿ.

ಮಲ್ಚರಿನ ಬ್ಲೇಡು ಕಲ್ಲನ್ನು ಗುಂಡಿನಂತೆ ಎಸೆಯುತ್ತದೆ. ಹೊಲದಲ್ಲಿ ಮಕ್ಕಳು, ದನ ಇದ್ದರೆ ಯಂತ್ರ ಓಡಬಾರದು. ತಿರುಗುವ ಶಾಫ್ಟಿನ ಮೇಲಿನ ಕವಚ ತೆಗೆಯಬಾರದು. ಧೋತರ, ಟವೆಲ್ಲು, ಸೆರಗು ಅದಕ್ಕೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಬ್ಲೇಡಿಗೆ ಸಿಕ್ಕ ತಂತಿ ಬಿಡಿಸುವ ಮೊದಲು ಇಂಜಿನ್ ಬಂದ್ ಆಗಿರಬೇಕು. ಚಾಲಕನ ವಿಮೆ ಮಾಡಿಸುವುದು ಮಾಲೀಕನ ಕರ್ತವ್ಯ.

ಮನೆಯಲ್ಲಿ ಒಮ್ಮೆ ಕುಳಿತು

ಯಂತ್ರ ಕೊಳ್ಳುವ ವಿಚಾರವಿದ್ದರೆ ತಂದೆ, ತಾಯಿ, ಸೊಸೆ, ಮಗ ಎಲ್ಲರೂ ಒಟ್ಟಿಗೆ ಕುಳಿತು ಒಂದು ಹಾಳೆಯ ಮೇಲೆ ಐದು ಉತ್ತರ ಬರೆಯಲಿ. ಹೆಸರು ಸಮೇತ ಎಷ್ಟು ಎಕರೆಯ ಕೆಲಸ ಖಚಿತವಾಗಿದೆ? ವರ್ಷದ ಸ್ಥಿರ ಖರ್ಚು ಎಷ್ಟು ಗಂಟೆಗೆ ತೀರುತ್ತದೆ? ಮಳೆಗಾಲದ ನಾಲ್ಕು ತಿಂಗಳ ಹಣ ಎಲ್ಲಿಂದ? ಒಟ್ಟು ಎಷ್ಟು ಬಡ್ಡಿ ಕಟ್ಟುತ್ತೇವೆ? ಯಾವ ಕೆಲಸಕ್ಕೆ ಬೇಡ ಎನ್ನುತ್ತೇವೆ?

ಐದಕ್ಕೂ ಅಂಕಿಯಲ್ಲಿ, ಹೆಸರಿನಲ್ಲಿ ಉತ್ತರ ಸಿಕ್ಕರೆ ಧೈರ್ಯವಾಗಿ ಮುಂದೆ ಹೆಜ್ಜೆ ಇಡಬಹುದು. ಒಂದಕ್ಕೆ ಸಿಗದಿದ್ದರೂ ಇನ್ನೊಂದು ಹಂಗಾಮು ಕಾಯುವುದು ಲೇಸು. ಯಂತ್ರ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. ಒಮ್ಮೆ ಹೋದ ಪತ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.