ಹಳೆಯ ಪೈನ್ ಹಲಗೆಯ ನೆಲವನ್ನು ಉಳಿಸಿಕೊಳ್ಳುವ ಬಗೆ

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರಲ್ಲಿ ಕೆಲವರು ಇಂದು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವರು. ಅಲ್ಲಿಯ ಅನೇಕ ಊರುಗಳಲ್ಲಿ ವಾಸಕ್ಕೆ ಸಿಕ್ಕುವವು ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂದರೆ 1837ರಿಂದ 1901ರ ವರೆಗಿನ ಅವಧಿಯಲ್ಲಿ, ಕಟ್ಟಿದ ಸಾಲುಮನೆಗಳು. ಅಂಥ ಮನೆಯ ರತ್ನಗಂಬಳಿಯನ್ನು ಎತ್ತಿ ನೋಡಿದರೆ ಅಡಿಯಲ್ಲಿ ಮಾಸಿದ, ಸಂದುಬಿಟ್ಟ, ಬಣ್ಣದ ಕಲೆ ಹಿಡಿದ ಪೈನ್ ಮರದ ಹಲಗೆಗಳು ಕಾಣುವವು. ಗಾರೆಯ ನೆಲದ ಮೇಲೂ ಮಂಗಳೂರಿನ ಬಿಲ್ಲೆಗಳ ಮೇಲೂ ನಡೆದು ಬೆಳೆದವರಿಗೆ ಇದು ಹೊಸ ವಿಷಯ. ಕಿತ್ತು ಹಾಕಿಸಬೇಕೋ, ಯಂತ್ರದಿಂದ ಉಜ್ಜಿಸಿ ಹೊಳಪು ಕೊಡಿಸಬೇಕೋ ಎಂದು ತೋಚದೆ ಅವಸರದಲ್ಲಿ ಮಾಡಿದ ಕೆಲಸದಿಂದ ಒಳ್ಳೆಯ ನೆಲವೂ ಮಕ್ಕಳ ಆರೋಗ್ಯವೂ ಕೆಡುವದುಂಟು. ಆದಕಾರಣ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುವದು ಉಚಿತವೆಂದು ನಾವು ಭಾವಿಸಿದೆವು.

ಮೊದಲು ಆ ನೆಲದ ರಚನೆಯನ್ನು ತಿಳಿಯೋಣ. ಆ ಕಾಲದ ಮನೆಗಳ ಹಲಗೆಯು ಬಹುಮಟ್ಟಿಗೆ ಸ್ವೀಡನ್, ನಾರ್ವೆ, ರಷ್ಯಾ ಮುಂತಾದ ಉತ್ತರ ದೇಶಗಳಿಂದ ಹಡಗಿನಲ್ಲಿ ಬಂದದ್ದು. ಬಾಲ್ಟಿಕ್ ಸಮುದ್ರದ ರೀಗಾ ಬಂದರು ಈ ವ್ಯಾಪಾರಕ್ಕೆ ಹೆಸರಾಗಿತ್ತು. ಚಳಿಯ ನಾಡಿನಲ್ಲಿ ಮೆಲ್ಲಮೆಲ್ಲನೆ ಬೆಳೆದ ಮರವಾದುದರಿಂದ ಅದರ ಉಂಗುರಗಳು ಒತ್ತೊತ್ತಾಗಿರುವವು. ಬೇಗ ಬೆಳೆಸಿ ಕಡಿಯುವ ಈಗಿನ ಮರದಲ್ಲಿ ಈ ಬಿಗಿ ಸಾಮಾನ್ಯವಾಗಿ ದೊರೆಯದು. ಸುಮಾರು 1 ಅಂಗುಲ ದಪ್ಪದ ಹಲಗೆಗಳನ್ನು ಜಂತೆಗಳ ಮೇಲೆ ಹಾಸಿ ಕಬ್ಬಿಣದ ಮೊಳೆ ಬಡಿದಿರುವರು. ಕೆಳ ಅಂತಸ್ತಿನಲ್ಲಿ ಜಂತೆಗಳಿಗೂ ಮಣ್ಣಿಗೂ ನಡುವೆ ಬರಿದಾದ ಸ್ಥಳವಿದ್ದು, ಹೊರಗೋಡೆಯ ಬುಡದಲ್ಲಿಟ್ಟ ತೂತುಗಳುಳ್ಳ ಇಟ್ಟಿಗೆಗಳ ಮೂಲಕ ಅಲ್ಲಿ ಗಾಳಿ ಆಡುವದು. ಆ ನೆಲವು ಬಾಳುವದು ಈ ಗಾಳಿಯಿಂದಲೇ.

ಅಂದಿನವರು ಪೈನ್ ಹಲಗೆಯನ್ನು ಇಡಿಯಾಗಿ ಹೊಳೆಯಿಸಿ ತೋರಿಸುತ್ತಿದ್ದುದು ಅಪರೂಪ. ಅದು ಅಗ್ಗದ ಮರವೆಂದು ಎಣಿಕೆ. ಕೋಣೆಯ ನಡುವೆ ಕಂಬಳಿ ಹಾಸಿ, ಗೋಡೆಯ ಸುತ್ತಲಿನ ಅಂಚಿಗೆ ಮಾತ್ರ ಕಡುಗಂದು ಬಣ್ಣ ಬಳಿಯುವದು ವಾಡಿಕೆಯಾಗಿತ್ತು. ಸೇವಕರ ಕೋಣೆಗಳ ಹಲಗೆಯನ್ನು ಸಾಬೂನು ಮರಳುಗಳಿಂದ ತಿಕ್ಕಿ ಬೆಳ್ಳಗಿಡುತ್ತಿದ್ದರು. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ಎಂಬವನು ಅಗಸೆ ಎಣ್ಣೆಯನ್ನು ಗಟ್ಟಿಗೊಳಿಸಿ ಲಿನೋಲಿಯಂ ಹಾಸನ್ನು ಕಂಡುಹಿಡಿದ ತರುವಾಯ ಎಷ್ಟೋ ನೆಲಗಳು ಅದರಡಿಯಲ್ಲಿ ಮುಚ್ಚಿಹೋದವು. ಆದುದರಿಂದ ಇಂದು ಕಾಣುವ ಬಣ್ಣದ ಅಂಚೂ ಮೊಳೆಯ ತೂತುಗಳೂ ಆ ಮನೆಯವರು ಬಾಳಿದ ರೀತಿಯ ಗುರುತುಗಳೇ ಹೊರತು ನೆಲದ ದೋಷಗಳಲ್ಲ.

ಇನ್ನು ಕೆಲಸದ ಕ್ರಮ. ಮೇಲ್ಮೈಯನ್ನು ಮುಟ್ಟುವ ಮೊದಲು ತೇವವನ್ನು ಹುಡುಕತಕ್ಕದ್ದು. ಮರದಲ್ಲಿ ತೇವವು ನೂರಕ್ಕೆ 20 ಪಾಲನ್ನು ಮೀರಿ ನಿಂತರೆ ಶಿಲೀಂಧ್ರ ಹತ್ತಿ ಕೊಳೆಯುವ ಭಯವಿರುವದು. ಚಳಿ ಬರುವದೆಂದು ಗಾಳಿಯ ಇಟ್ಟಿಗೆಗಳನ್ನು ಯಾರಾದರೂ ಮುಚ್ಚಿರುವರೋ, ಹೊರಗಿನ ಮಣ್ಣು ಅವುಗಳ ಮಟ್ಟಕ್ಕೆ ಏರಿದೆಯೋ, ಕೊಳವೆ ಸೋರುವದೋ ಎಂದು ನೋಡಬೇಕು. ಕಾಲಿಟ್ಟ ಕಡೆ ನೆಲ ಕುಸಿದರೆ ಒಂದು ಹಲಗೆಯನ್ನು ಎತ್ತಿ ಜಂತೆಯ ತುದಿಯನ್ನು ಪರೀಕ್ಷಿಸತಕ್ಕದ್ದು. ಸಣ್ಣ ದುಂಡು ತೂತುಗಳು ಮರ ಕೊರೆಯುವ ಹುಳುವಿನವು. ಅವುಗಳಿಂದ ಹೊಸ ಪುಡಿ ಉದುರದಿದ್ದರೆ ಹುಳು ಎಂದೋ ಹೋಗಿರಬಹುದು. ಇವೆಲ್ಲವನ್ನೂ ಬಿಟ್ಟು ಮೇಲೆ ಹೊಳಪು ಹಚ್ಚುವದು ಹುಣ್ಣಿನ ಮೇಲೆ ಪಟ್ಟೆಯ ಬಟ್ಟೆ ಹೊದಿಸಿದಂತೆ.

ಎರಡನೆಯದು, ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಮಾತು. ಹಳೆಯ ಬಣ್ಣದಲ್ಲಿ ಸೀಸವಿರುವದು ಸಾಮಾನ್ಯ; ಬ್ರಿಟನ್ನಿನಲ್ಲಿ ಅಂಥ ಬಣ್ಣವನ್ನು ಜನಸಾಮಾನ್ಯರಿಗೆ ಮಾರುವದು ನಿಂತದ್ದು 1992ರಲ್ಲಿ. ಆ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಕಣ್ಣಿಗೆ ಕಾಣದೆ ನೆಲದಲ್ಲಿ ನಿಂತು, ಅಂಬೆಗಾಲಿಡುವ ಕೂಸಿನ ಕೈಯಿಂದ ಬಾಯಿಗೆ ಹೋಗಿ, ಮೆದುಳಿನ ಬೆಳವಣಿಗೆಯನ್ನು ಕೆಡಿಸುವದು. ಗರ್ಭಿಣಿಯರಿಗೂ ಅದು ಕೇಡು. ಆದಕಾರಣ ಮೊದಲು ಬಣ್ಣವನ್ನು ಪರೀಕ್ಷೆ ಮಾಡಿಸಿ, ಸೀಸವಿದ್ದರೆ ಬಲ್ಲವರ ಕೈಯಿಂದ ಒದ್ದೆಮಾಡಿಯೋ ಬಣ್ಣ ಕರಗಿಸುವ ದ್ರವದಿಂದಲೋ ತೆಗೆಸತಕ್ಕದ್ದು. ಹಾಗೆಯೇ ಹಳೆಯ ನೆಲಹಾಸುಗಳಲ್ಲಿಯೂ ಅವನ್ನು ಅಂಟಿಸಿದ ಕರಿಯ ಡಾಂಬರಿನಲ್ಲಿಯೂ ಕಲ್ನಾರು ಇರಬಹುದು. ಕಲ್ನಾರಿನ ಬಳಕೆಯು ಆ ದೇಶದಲ್ಲಿ ಪೂರ್ತಿಯಾಗಿ ನಿಷಿದ್ಧವಾದದ್ದು 1999ರಲ್ಲಿ. ಸಂಶಯವಿದ್ದಲ್ಲಿ ಅದನ್ನು ಕೀಳದೆ, ಉಜ್ಜದೆ ಪರೀಕ್ಷಕರನ್ನು ಕರೆಯಿಸಬೇಕು.

ಮೂರನೆಯ ಪ್ರಶ್ನೆ, ಯಂತ್ರದಿಂದ ಉಜ್ಜಬೇಕೇ ಎಂಬದು. ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸನು 1877ರಲ್ಲಿ ಪ್ರಾಚೀನ ಕಟ್ಟಡಗಳ ಸಂರಕ್ಷಣೆಗಾಗಿ ಲಂಡನ್ನಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ಆ ಕಾಲದಲ್ಲಿ ಹಳೆಯ ದೇವಾಲಯಗಳನ್ನು ಹೊಸದು ಮಾಡುವ ಹುಮ್ಮಸ್ಸಿನಲ್ಲಿ ಗೋಡೆಯ ಗಾರೆಯನ್ನು ಹೆರೆದು ಹಾಕುತ್ತಿದ್ದರು. ಅದನ್ನು ಎದುರಿಸಿದ್ದರಿಂದ ಸಂಘಕ್ಕೆ ‘ಹೆರೆಯಬಾರದೆನ್ನುವವರು’ ಎಂಬ ಅರ್ಥದ ಅಡ್ಡಹೆಸರು ಬಂತು. ಹೊಸದಾಗಿ ತೋರಿಸುವದಕ್ಕಿಂತ ಸಕಾಲದಲ್ಲಿ ದುರಸ್ತಿಮಾಡುವದು ಮೇಲು ಎಂಬದು ಅವರ ತತ್ವ. ನೆಲಕ್ಕೂ ಇದು ಸಲ್ಲುವದು. ಒರಟು ಉಪ್ಪುಕಾಗದ ಕಟ್ಟಿದ ಯಂತ್ರವನ್ನು ಒಂದು ಸಾರಿ ಓಡಿಸಿದರೆ ಸುಮಾರು 1 ಮಿಲಿಮೀಟರಿನಷ್ಟು ಅಥವಾ ಇನ್ನೂ ಹೆಚ್ಚು ಮರ ಹೋಗುವದುಂಟು. ಒಂದು ಹಲಗೆಯ ನಾಲಗೆಯು ಮತ್ತೊಂದರ ತೋಡಿನಲ್ಲಿ ಕೂಡುವಂತೆ ಜೋಡಿಸಿದ ನೆಲದಲ್ಲಿ, ನಾಲಗೆಯ ಮೇಲಿರುವ ಮರವು ದಪ್ಪದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಅದು ಸವೆದರೆ ಅಂಚುಗಳು ಸೀಳಿ ನೆಲವು ಕೆಲಸಕ್ಕೆ ಬಾರದೆ ಹೋಗುವದು. ಹೋದ ಮರವನ್ನು ಮರಳಿ ತರುವ ಉಪಾಯವಿಲ್ಲ. ಆದಕಾರಣ ಸೀಸವಿಲ್ಲವೆಂದು ಖಚಿತವಾದ ನೆಲವನ್ನು ಮೊದಲು ಹಿಂಡಿದ ಬಟ್ಟೆಯಿಂದಲೂ ಸೌಮ್ಯವಾದ ಸಾಬೂನಿನಿಂದಲೂ ಒರಸಿ ನೋಡಬೇಕು. ಅನೇಕ ವೇಳೆ ಅಷ್ಟೇ ಸಾಕಾಗುವದು. ಸಾಲದಿದ್ದರೆ ಮೊಳೆಯ ತಲೆಗಳನ್ನು ಒಳಕ್ಕೆ ಬಡಿದು, ನಯವಾದ ಕಾಗದದಿಂದ ಮರದ ಎಳೆಯ ಜಾಡಿನಲ್ಲಿ ಹಗುರವಾಗಿ ಉಜ್ಜಬಹುದು.

ಕೆಟ್ಟ ಹಲಗೆಗೆ ಬದಲಾಗಿ ಅದೇ ವಯಸ್ಸಿನ, ಅದೇ ದಪ್ಪದ ಹಳೆಯ ಹಲಗೆಯನ್ನು ತಂದು, ಆ ಕೋಣೆಯಲ್ಲಿಯೇ ಕೆಲವು ದಿವಸ ಇಟ್ಟು ಹದಗೊಳಿಸಿ ಕೂಡಿಸುವದು ಒಳ್ಳೆಯದು. ಕಿರುಗುಟ್ಟುವ ಹಲಗೆಯನ್ನು ತಿರುಪುಮೊಳೆಯಿಂದ ಜಂತೆಗೆ ಬಿಗಿಸುವಾಗ ಅಡಿಯಲ್ಲಿ ನೀರಿನ ಕೊಳವೆ, ವಿದ್ಯುತ್ತಿನ ತಂತಿಗಳು ಇರುವದನ್ನು ಮರೆಯಬಾರದು. ಚಳಿಗಾಲದಲ್ಲಿ ಮನೆಯನ್ನು ಬಿಸಿಮಾಡುವಾಗ ಮರ ಕುಗ್ಗಿ ಸಂದುಗಳು ಅಗಲವಾಗಿಯೂ, ಬೇಸಿಗೆಯಲ್ಲಿ ಕಿರಿದಾಗಿಯೂ ಇರುವವು. ಆದುದರಿಂದ ಅಗಲವಾದ ಸಂದಿಗೆ ಪೈನ್ ಮರದ ತೆಳುವಾದ ಬೆಣೆಯನ್ನು ಒಂದೇ ಬದಿಗೆ ಅಂಟು ಹಚ್ಚಿ ಕೂರಿಸುವರು; ಇನ್ನೊಂದು ಬದಿಯು ಅಲುಗಾಡುವದಕ್ಕೆ ಬಿಡುವಿರಬೇಕು.

ಕಡೆಗೆ ಲೇಪನ. ಎಣ್ಣೆ ಮೇಣಗಳ ಮಿಶ್ರಣವನ್ನು ಹಚ್ಚಿದರೆ ಮುಂದೆ ಸವೆದ ಕಡೆಗೆ ಮಾತ್ರ ಮತ್ತೆ ಹಚ್ಚಿಕೊಳ್ಳಬಹುದು. ಬಣ್ಣ ಬಳಿಯುವದಾದರೆ ಮರದ ಗಂಟುಗಳಿಂದ ರಾಳ ಒಸರದಂತೆ ಮೊದಲು ಅವುಗಳ ಮೇಲೆ ಅರಗಿನ ದ್ರಾವಣವನ್ನು ತೊಡೆಯುವರು. ನಮ್ಮ ಭಾರತದ ಕಾಡಿನ ಅರಗು ಹೀಗೆ ಬಾಲ್ಟಿಕ್ ತೀರದ ಮರಕ್ಕೆ ಉಪಯೋಗವಾಗುವದು. ಒಂದು ಎಚ್ಚರಿಕೆ ಮಾತ್ರ ಪ್ರಾಣದಷ್ಟು ಮುಖ್ಯ: ಅಗಸೆ ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುವದು. ಅದನ್ನು ಹೊರಗೆ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ನೆನೆಯಿಸಿ ಮುಚ್ಚಳವುಳ್ಳ ಲೋಹದ ಡಬ್ಬಿಯಲ್ಲಿಡಬೇಕು.

ಮಗಳ ಮನೆಗೆ ಹೋಗುವ ತಾಯಂದಿರಿಗೂ ಒಂದು ಮಾತು. ನೀರು ಹುಯ್ದು ನೆಲ ತೊಳೆಯುವದು ನಮ್ಮಲ್ಲಿ ಶುಚಿತ್ವದ ಲಕ್ಷಣ. ಅಲ್ಲಿ ಅದೇ ಹಲಗೆಯನ್ನು ಉಬ್ಬಿಸಿ ಜಂತೆಯನ್ನು ಕೊಳೆಸುವದು. ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರಸಿದರೆ ಸಾಕು. ನೂರು ವರ್ಷಕ್ಕೆ ಮೀರಿ ಬಾಳಿದ ಆ ನೆಲವು ಕಲೆಗಳೊಡನೆಯೇ ಇನ್ನೊಂದು ತಲೆಮಾರಿಗೂ ಉಳಿಯಬಲ್ಲದು. ಅದಕ್ಕೆ ಬೇಕಾದದ್ದು ಹೊಳಪಿಗಿಂತಲೂ ಮೊದಲು ಗಾಳಿ, ಒಣಗಿದ ಬುಡ, ಮತ್ತು ತಾಳ್ಮೆಯುಳ್ಳ ಕೈ.