ಮಫ್ತಿಯ ಪೋಲೀಸರೂ ಪ್ರಜೆಯ ಪ್ರಶ್ನೆಯೂ

ರಾತ್ರಿ ಒಂಬತ್ತು ಗಂಟೆಯ ವೇಳೆಗೆ ಒಬ್ಬ ಗೃಹಸ್ಥರ ಮನೆಯ ಬಾಗಿಲನ್ನು ಇಬ್ಬರು ಅಪರಿಚಿತರು ತಟ್ಟುವರೆಂದು ಭಾವಿಸೋಣ. ಮೈಮೇಲೆ ಖಾಕಿಯಿಲ್ಲ, ಎದೆಯ ಮೇಲೆ ಬಿಲ್ಲೆಯಿಲ್ಲ, ಕೈಯಲ್ಲಿ ಕಾಗದವಿಲ್ಲ. “ಠಾಣೆಗೆ ನಡೆಯಿರಿ, ಸಾಹೇಬರು ಕರೆಯುತ್ತಾರೆ” ಎಂಬುದೊಂದೇ ಮಾತು. ಮನೆಯ ಯಜಮಾನರು “ಸ್ವಾಮಿ, ತಾವು ಯಾರು? ಯಾವ ಠಾಣೆಯವರು?” ಎಂದು ಕೇಳಿದರೆ ಅದು ಅವಿಧೇಯತೆಯೋ, ಸರ್ಕಾರಿ ಕೆಲಸಕ್ಕೆ ಅಡ್ಡಿಯೋ, ಅಥವಾ ಪ್ರಜೆಯ ಹಕ್ಕೋ? ಇದಕ್ಕೆ ಕಾನೂನು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಆದರೆ ಆ ಉತ್ತರವು ಓದುಬರಹ ಬಲ್ಲ ಪಟ್ಟಣಿಗರಲ್ಲಿಯೂ ಅನೇಕರಿಗೆ ತಿಳಿಯದು. ತಿಳಿದವರಿಗೂ ಆ ಹೊತ್ತಿನಲ್ಲಿ ನಾಲಗೆ ಏಳದು.

ಪೋಲೀಸರು ಮಫ್ತಿಯಲ್ಲಿ ತಿರುಗುವುದನ್ನೇ ನಾವು ಆಕ್ಷೇಪಿಸುತ್ತಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಯುಕ್ತ. ಜಾತ್ರೆಯಲ್ಲಿ ಜೇಬುಗಳ್ಳನನ್ನು ಹಿಡಿಯಬೇಕಾದವನು ಟೋಪಿ ಲಾಠಿಗಳೊಡನೆ ಹೋದರೆ ಕಳ್ಳನು ಕಾದು ನಿಂತಿರುವನೆ? ಸ್ವಾತಂತ್ರ್ಯದ ಹೋರಾಟದ ದಿನಗಳಲ್ಲಿ ಸಭೆಗಳ ಮೂಲೆಯಲ್ಲಿ ಕುಳಿತು ಭಾಷಣಗಳನ್ನು ಗೀಚಿಕೊಳ್ಳುತ್ತಿದ್ದ ಸಿ.ಐ.ಡಿ. ಗಳಿಂದ ಮಫ್ತಿಗೆ ಕೆಟ್ಟ ಹೆಸರು ಬಂದುದು ನಿಜ. ಆದರೂ ಗೂಢವಾಗಿ ನೋಡುವ ಕೆಲಸ ಯಾವ ರಾಜ್ಯಕ್ಕೂ ತಪ್ಪಿದ್ದಲ್ಲ. ನಮ್ಮ ವಾದವು ಇಷ್ಟೇ: ನೋಡುವ ಕಣ್ಣಿಗೆ ವೇಷ ಬೇಕಾಗಬಹುದು, ಹಿಡಿಯುವ ಕೈಗೆ ಹೆಸರಿರಲೇಬೇಕು.

ಇದು ಹೊಸಬರ ಹೊಸ ಬೇಡಿಕೆಯೇನೂ ಅಲ್ಲ. ಪರದೇಶದ ಅರಸರು 1861ರಲ್ಲಿ ಮಾಡಿದ ಪೋಲೀಸ್ ಕಾಯಿದೆಯ 8ನೆಯ ಕಲಮಿನಲ್ಲಿಯೇ, ಕೆಲಸಕ್ಕೆ ಸೇರಿದ ಪೋಲೀಸಿನವನಿಗೆ ಮೊಹರು ಹಾಕಿದ ನೇಮಕದ ಪ್ರಮಾಣಪತ್ರವನ್ನು ಕೊಡತಕ್ಕದ್ದೆಂದೂ, ಕೆಲಸ ಬಿಟ್ಟೊಡನೆ ಅದನ್ನು ಒಪ್ಪಿಸಿಬಿಡತಕ್ಕದ್ದೆಂದೂ ಹೇಳಿತ್ತು. ಅಧಿಕಾರವು ಮನುಷ್ಯನ ಮೀಸೆಯಲ್ಲಿಲ್ಲ, ಪತ್ರದಲ್ಲಿದೆ ಎಂಬುದನ್ನು ಆ ಸರ್ಕಾರವೂ ಬಲ್ಲುದಾಗಿತ್ತು. ಅದಕ್ಕಿಂತ ಒಂದು ವರ್ಷ ಹಿಂದಿನ ದಂಡಸಂಹಿತೆಯ 99ನೆಯ ಕಲಮಿನ ವಿವರಣೆಗಳು ಇನ್ನೂ ಮನನಯೋಗ್ಯವಾಗಿವೆ. ಸರ್ಕಾರಿ ನೌಕರನು ತನ್ನ ಅಧಿಕಾರದ ಮೇರೆಗೆ ಸದ್ಭಾವದಿಂದ ಮಾಡುವ ಕಾರ್ಯಕ್ಕೆದುರಾಗಿ, ಪ್ರಾಣಭಯವಾಗಲಿ ಭಾರಿ ಗಾಯದ ಭಯವಾಗಲಿ ಇಲ್ಲದಾಗ, ಆತ್ಮರಕ್ಷಣೆಯ ಹಕ್ಕಿಲ್ಲವೆಂಬುದು ಸಾಮಾನ್ಯ ನಿಯಮ. ಆದರೆ ಆತನು ಸರ್ಕಾರಿ ನೌಕರನೆಂದು ಎದುರಿನವನಿಗೆ ತಿಳಿದಿಲ್ಲದಿದ್ದರೆ, ಹಾಗೆ ನಂಬಲು ಕಾರಣವೂ ಇಲ್ಲದಿದ್ದರೆ, ಆ ಹಕ್ಕು ಹೋಗುವುದಿಲ್ಲ. ಮೇಲಧಿಕಾರಿಯ ಅಪ್ಪಣೆಯ ಮೇಲೆ ಬಂದವನಾದರೆ ತಾನು ಯಾವ ಅಧಿಕಾರದಿಂದ ಬಂದಿರುವೆನೆಂದು ಹೇಳಬೇಕು. ಲಿಖಿತ ಅಪ್ಪಣೆಯಿದ್ದರೆ, ಕೇಳಿದಾಗ ತೋರಿಸಬೇಕು. ಈ ವಿವರಣೆಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 37ನೆಯ ಕಲಮಿನಲ್ಲಿಯೂ ಉಳಿದಿವೆ. ಗುರುತು ತೋರಿಸದವನಿಗೆ ತಲೆಬಾಗಬೇಕೆಂದು ಕಾನೂನು ಪ್ರಜೆಯನ್ನು ನಿರ್ಬಂಧಿಸಿಲ್ಲವೆಂದಂತಾಯಿತು. ಇದನ್ನೋದಿ ಯಾರೂ ಬಾಗಿಲಲ್ಲಿ ಕೈಮಿಲಾಯಿಸಲು ಹೋಗಬಾರದು. ಬಂದವನು ನಿಜವಾದ ಅಧಿಕಾರಿಯಾಗಿದ್ದು, ಹಾಗೆಂದು ನಂಬಲು ಕಾರಣವಿತ್ತೆಂದು ನ್ಯಾಯಾಲಯಕ್ಕೆ ತೋರಿದರೆ ಪೆಟ್ಟು ತಿರುಗಿ ನಮಗೇ ಬೀಳುವುದು. ಕೇಳುವ ಹಕ್ಕನ್ನು ಬಾಯಿಂದ ಚಲಾಯಿಸುವುದೇ ಲೇಸು.

ಬಂಗಾಳದ ಒಂದು ಕಾನೂನು ನೆರವಿನ ಸಂಸ್ಥೆಯ ಮುಖ್ಯಸ್ಥರಾದ ಡಿ. ಕೆ. ಬಸು ಅವರು 1986ರಲ್ಲಿ ಠಾಣೆಗಳೊಳಗಿನ ಸಾವುಗಳ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಹನ್ನೊಂದು ವಿಧಿಗಳನ್ನು ಗೊತ್ತುಮಾಡಿತು. ಅವುಗಳಲ್ಲಿ ಮೊದಲನೆಯದೇ, ದಸ್ತಗಿರಿ ಮಾಡುವ ಪೋಲೀಸರು ತಮ್ಮ ಹೆಸರು ಹುದ್ದೆಗಳ ಸ್ಪಷ್ಟವಾದ ಗುರುತನ್ನು ಕಣ್ಣಿಗೆ ಕಾಣುವಂತೆ ಧರಿಸಿರಬೇಕೆಂಬುದು. ತಪ್ಪಿದವರು ನ್ಯಾಯಾಲಯದ ನಿಂದನೆಗೆ ಗುರಿಯಾಗುವರೆಂದೂ ಎಚ್ಚರಿಸಿತು. 2010ರಲ್ಲಿ ಈ ವಿಧಿಯು ದಂಡಪ್ರಕ್ರಿಯಾಸಂಹಿತೆಯ 41ಬಿ ಕಲಮಾಗಿ ಜಾರಿಗೆ ಬಂದಿತು; ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮು. ದಸ್ತಗಿರಿ ಮಾಡುವ “ಪ್ರತಿಯೊಬ್ಬ” ಪೋಲೀಸ್ ಅಧಿಕಾರಿಗೂ ಅದು ಅನ್ವಯಿಸುವುದು. ಮಫ್ತಿಯಲ್ಲಿರುವವರ ಹೊರತು ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ಹಾಗಿದ್ದರೂ ತೊಡಕು ಎಲ್ಲಿ? “ದಸ್ತಗಿರಿ” ಎಂಬ ಪದದಲ್ಲಿ. ಕಾನೂನು ದಸ್ತಗಿರಿಯ ಮಾತನ್ನಾಡಿದರೆ ನಮ್ಮ ಪೋಲೀಸರು “ಇದು ದಸ್ತಗಿರಿಯಲ್ಲ, ಸುಮ್ಮನೆ ವಿಚಾರಣೆ” ಎನ್ನುವರು. ಸುಮ್ಮನೆ ಕರೆದೊಯ್ದವನು ಎರಡು ದಿನ ಮನೆಗೆ ಬಾರದಿರುವುದೂ, ಮನೆಯವರು ಠಾಣೆಯಿಂದ ಠಾಣೆಗೆ ಅಲೆಯುವುದೂ ನಮ್ಮ ನಾಡಿನಲ್ಲಿ ಕೇಳದ ಸಂಗತಿಯೆ? ಈ ಉಪಾಯಕ್ಕೂ ಕಾನೂನಿನಲ್ಲಿ ಎಡೆಯಿಲ್ಲ. ಸಾಕ್ಷಿಯೆಂದು ಕರೆಯಬೇಕಾದರೂ 179ನೆಯ ಕಲಮಿನಂತೆ ಲಿಖಿತ ಆಜ್ಞೆಯಿರಬೇಕು. ಹೆಂಗಸರನ್ನೂ, ಅರವತ್ತು ವರ್ಷ ಮೀರಿದ ಗಂಡಸರನ್ನೂ, ಹದಿನೈದು ತುಂಬದ ಹುಡುಗರನ್ನೂ, ಕಾಯಿಲೆಯವರನ್ನೂ ಅವರ ಮನೆಯಿಂದ ಬೇರೆಡೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಆಪಾದಿತನನ್ನು ದಸ್ತಗಿರಿಯಿಲ್ಲದೆ ಕರೆಯುವುದಾದರೆ 35ನೆಯ ಕಲಮಿನ ನೋಟೀಸು ಇದೆ. ವಾರಂಟು ತಂದವನು ಅದರ ಸಾರಾಂಶವನ್ನು ತಿಳಿಸಬೇಕು, ಕೇಳಿದರೆ ವಾರಂಟನ್ನೇ ತೋರಿಸಬೇಕು. ಎಲ್ಲಿ ನೋಡಿದರೂ ಕಾಗದವುಂಟು, ಹೆಸರುಂಟು. ಬಾಯಿಮಾತಿನ “ನಡೆಯಿರಿ” ಎಂಬುದೊಂದಕ್ಕೆ ಮಾತ್ರ ಕಲಮಿಲ್ಲ.

ಈ ಪ್ರಶ್ನೆಯನ್ನು ಕೇಳಿದರೆ ಪೋಲೀಸರ ಗೌರವಕ್ಕೆ ಕುಂದೆಂದು ಕೆಲವು ಅಧಿಕಾರಿಗಳು ಎಣಿಸುವರು. ನಾವು ಇದಕ್ಕೆ ವಿರುದ್ಧವಾಗಿ ಹೇಳುತ್ತೇವೆ. “ನಾವು ಪೋಲೀಸರು, ಮುಂದೆ ಗಲಾಟೆಯಾಗಿದೆ, ಒಡವೆ ಬಿಚ್ಚಿ ಕೊಡಿ, ಕಟ್ಟಿಕೊಡುತ್ತೇವೆ” ಎಂದು ಬೀದಿಯಲ್ಲಿ ವೃದ್ಧೆಯರನ್ನು ವಂಚಿಸಿದವರ ಸುದ್ದಿ ಪತ್ರಿಕೆಗಳಿಗೆ ಹೊಸದಲ್ಲ. 2025ರ ನವೆಂಬರಿನಲ್ಲಿ ಬೆಂಗಳೂರಿನ ನಡುಬೀದಿಯಲ್ಲಿ, ಹಾಡುಹಗಲಿನಲ್ಲಿ, ತಾವು ಸರ್ಕಾರದ ಅಧಿಕಾರಿಗಳೆಂದು ಹೇಳಿಕೊಂಡು ಹಣದ ಬಂಡಿಯೊಂದನ್ನು ನಿಲ್ಲಿಸಿದವರು ಸುಮಾರು 7 ಕೋಟಿ ರೂಪಾಯಿಗಳನ್ನು ಒಯ್ದರು. ದೂರವಾಣಿಯ ತೆರೆಯ ಮೇಲೆ ಖಾಕಿ ತೊಟ್ಟು ಕಾಣಿಸಿಕೊಂಡು “ಡಿಜಿಟಲ್ ಅರೆಸ್ಟ್” ಎಂಬ, ಯಾವ ಕಾಯಿದೆಯಲ್ಲಿಯೂ ಇಲ್ಲದ ಬಂಧನವನ್ನು ವಿಧಿಸಿ, ನಿವೃತ್ತರ ಉಳಿತಾಯವನ್ನೆಲ್ಲ ದೋಚುವವರೂ ಇದ್ದಾರೆ. ಸರ್ಕಾರಿ ನೌಕರನಂತೆ ನಟಿಸುವವನಿಗೆ ಹೊಸ ಸಂಹಿತೆಯ 204ನೆಯ ಕಲಮಿನಂತೆ ಆರು ತಿಂಗಳಿಗೆ ಕಡಮೆಯಿಲ್ಲದ, ಮೂರು ವರ್ಷಗಳವರೆಗಿನ ಸಜೆಯುಂಟು. ಆದರೆ ಕಳ್ಳನ ಬಂಡವಾಳ ಯಾವುದು? ಪೋಲೀಸೆಂದ ಮಾತ್ರಕ್ಕೆ ಪ್ರಶ್ನೆ ಕೇಳಬಾರದೆಂದು ನಾವು ತಲೆಮಾರುಗಳಿಂದ ಕಲಿತಿರುವ ಪಾಠವೇ ಅಲ್ಲವೆ?

ಗುರುತಿನ ಚೀಟಿಯೊಂದನ್ನು ಕಂಡೊಡನೆ ಎಲ್ಲವೂ ಮುಗಿಯಿತೆಂದೂ ತಿಳಿಯಬಾರದು. 2021ರ ಮಾರ್ಚ್ 3ರ ರಾತ್ರಿ ಲಂಡನ್ನಿನಲ್ಲಿ, ಕೆಲಸದಲ್ಲಿಲ್ಲದ ಹೊತ್ತಿನಲ್ಲಿ, ಪೋಲೀಸಿನವನೊಬ್ಬನು ತನ್ನ ನಿಜವಾದ ಚೀಟಿಯನ್ನೇ ತೋರಿಸಿ, ಸುಳ್ಳು ದಸ್ತಗಿರಿ ಮಾಡಿ, ಮನೆಗೆ ನಡೆದು ಹೋಗುತ್ತಿದ್ದ ತರುಣಿಯೊಬ್ಬಳನ್ನು ಅಪಹರಿಸಿ ಕೊಂದನು. ಅವನಿಗೆ ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆಯಾಯಿತು. ಮಫ್ತಿಯವನು ಮೈಶೋಧನೆಗೆ ಮುನ್ನ ಚೀಟಿ ತೋರಿಸಬೇಕೆಂದು ಆ ದೇಶದಲ್ಲಿ 1984ರಿಂದಲೇ ಕಾನೂನಿತ್ತು. ಅದೊಂದೇ ಸಾಲದೆಂಬುದನ್ನು ಈ ಘೋರಕೃತ್ಯವು ತೋರಿಸಿಕೊಟ್ಟಿತು. ಆಮೇಲೆ ಲಂಡನ್ನಿನ ಪೋಲೀಸು ಇಲಾಖೆಯು, ಮಫ್ತಿಯಲ್ಲಿ ಒಬ್ಬನೇ ಇರುವ ಅಧಿಕಾರಿಯು ಹೆಂಗಸರನ್ನು ತಡೆದಾಗ ತಾನಾಗಿಯೇ ತನ್ನ ನಿಯಂತ್ರಣ ಕೊಠಡಿಗೆ ಕರೆಮಾಡಿ, ಅಲ್ಲಿಯವರು ತನ್ನ ಗುರುತನ್ನು ಆಕೆಗೆ ದೃಢಪಡಿಸುವಂತೆ ಮಾಡಬೇಕೆಂಬ ಏರ್ಪಾಡನ್ನು ತಂದಿತು.

ನಮ್ಮ ಗೃಹಖಾತೆಯು ಇಷ್ಟನ್ನಾದರೂ ಮಾಡಲಾಗದೆ? ಮಫ್ತಿಯವರೊಡನೆ ಬಾಗಿಲಿಗೆ ಹೋಗುವಾಗ ಸಮವಸ್ತ್ರದವನೊಬ್ಬನಿರಲಿ. ಪ್ರಜೆಯು 112ಕ್ಕೋ ಠಾಣೆಗೋ ಕರೆಮಾಡಿ, ಇಂಥ ಹೆಸರಿನವರನ್ನು ತಾವು ಕಳುಹಿಸಿರುವಿರಾ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎಂದು ಒಡನೆಯೇ ಉತ್ತರ ಬರಲಿ. ಆ ಉತ್ತರ ಬರುವವರೆಗೆ ಹೊಸಲಿನ ಹೊರಗೆ ನಿಲ್ಲುವುದು ಬಂದವರ ಕರ್ತವ್ಯವೆಂದು ಕನ್ನಡದಲ್ಲಿ ಆಜ್ಞೆ ಹೊರಡಲಿ. ಖಜಾನೆಗೆ ಇದರಿಂದ ಹೇಳಿಕೊಳ್ಳುವಂಥ ಖರ್ಚೇನೂ ಇಲ್ಲ.

ಬಸು ಅವರ ಮೊಕದ್ದಮೆಯ ಹನ್ನೊಂದು ವಿಧಿಗಳನ್ನು ಪ್ರತಿಯೊಂದು ಠಾಣೆಯಲ್ಲಿಯೂ ಎದ್ದುಕಾಣುವ ಸ್ಥಳದಲ್ಲಿ ಹಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಅಪ್ಪಣೆ ಮಾಡಿದೆ. ವಾಚಕರು ಮುಂದಿನ ಸಲ ಯಾವ ಕಾರ್ಯಕ್ಕಾದರೂ ಠಾಣೆಗೆ ಹೋದಾಗ ಗೋಡೆಯ ಕಡೆಗೊಮ್ಮೆ ನೋಡಲಿ. ಅದು ಅಲ್ಲಿಲ್ಲದಿದ್ದರೆ ಠಾಣಾಧಿಕಾರಿಯವರನ್ನು ಮರ್ಯಾದೆಯಿಂದ ವಿಚಾರಿಸಿ, ನಮಗೂ ಒಂದು ಕಾಗದ ಬರೆಯಲಿ.